ಹದಿನೇಳರ ಮಗ್ಗಿ

ತಿಂಗಳ ಮೊದಲ ಸೋಮವಾರ
ಬೀದರಿನ ಮಿಷನ್ ದವಾಖಾನೆಯ ಹಳೆ ಎಕ್ಸ್‌ರೇ ಕೋಣೆ ನಮ್ಮದು.
ಕಿಟಕಿಯಿಲ್ಲ. ಬಾಗಿಲೊಳಗೆ ಸೀಸದ ತಗಡು.
ಗೋಡೆಯ ಮೇಲೆ ಕನ್ನಡ, ಮರಾಠಿ, ಉರ್ದುವಿನಲ್ಲಿ ಇನ್ನೂ
'ಉಸಿರು ಹಿಡಿಯಿರಿ, ಅಲುಗಾಡಬೇಡಿ.'
ಐತವಾರವೆಲ್ಲ ಮಾತಾಡಿ ಗಂಟಲು ಒಡೆದ
ನಾವು ನಾಲ್ವರು ಸಭಾಪಾಲಕರು,
ಮತ್ತೆ ಈ ದವಾಖಾನೆಯ ಚಾಪ್ಲಿನ್ ತಾರಾಬಾಯಿ.
ವಾರ್ಡಿನಿಂದ ವಾರ್ಡಿಗೆ ನಡೆದೂ ನಡೆದೂ
ಅವರ ಚಪ್ಪಲಿ ಒಂದೇ ಮಗ್ಗುಲಿಗೆ ಸವೆದಿದೆ.

ಕಾಯಿದೆ ಒಂದೇ: ಉಪದೇಶ ಮಾಡಬಾರದು.
ವಾಕ್ಯ ಎತ್ತಿದವರು ಬಿಸ್ಕಿಟ್ ಡಬ್ಬಿಗೆ ಹತ್ತು ರೂಪಾಯಿ ಹಾಕಬೇಕು.
ಚಹಾ, ಮಿರ್ಚಿ ಭಜಿ ಅದರಲ್ಲೇ.
ಘಾಳೆಪ್ಪನ ದಯೆಯಿಂದ ಡಬ್ಬಿ ಎಂದೂ ಖಾಲಿಯಾಗಿಲ್ಲ.

ವಾಮನರಾವ್ ಹಾರ್ಮೋನಿಯಂ ರಿಪೇರಿಯ ಲೆಕ್ಕ
ಹಿರಿಯರು ಮೂರು ಸಲ ಕೇಳಿದ್ದನ್ನು ಹೇಳಿದ.
ಹೋದ ತಿಂಗಳೂ ಅದನ್ನೇ ಹೇಳಿದ್ದ.
ಕೇಳಿದೆವು.

ಝರೆಪ್ಪ ಔರಾದ ಕಡೆಯವನು.
ಏಳು ತಿಂಗಳಿಂದ ಬರುತ್ತಾನೆ, ಚಹಾ ಕುಡಿಯುತ್ತಾನೆ,
ಕಾಗದದ ಕಪ್ಪನ್ನು ಮಡಚಿ ಮಡಚಿ
ಉಗುರಿನಷ್ಟು ಮಾಡಿ ಜೇಬಿಗಿಟ್ಟುಕೊಂಡು ಹೋಗುತ್ತಾನೆ.
ಇವತ್ತು ಕಪ್ಪು ಮಡಚುತ್ತಲೇ ಅಂದ:

"ಗುರುವಾರ ಒಂದು ಕೂಸು ಮಣ್ಣು ಮಾಡಿದೆ.
ತಗ್ಗು ನನ್ನ ಮೊಣಕಾಲಿನಷ್ಟೂ ಇರಲಿಲ್ಲ.
ಕಣ್ಣು ಮುಚ್ಚಿದೆ. ಏನೂ ಬರಲಿಲ್ಲ.
ಇಪ್ಪತ್ತೆರಡು ವರ್ಷ ಬಂದದ್ದು, ಒಂದು ಶಬ್ದ ಬರಲಿಲ್ಲ.
ಮಂದಿ ಕಾಯಲತ್ತಿದ್ರು.
ಆವಾಗ ಸಾಲಿಯ ಮಗ್ಗಿ ಬಂತು ನೋಡ್ರಿ, ತಾನಾಗೇ,
ಹದಿನೇಳೊಂದ್ಲೆ ಹದಿನೇಳು,
ಹದಿನೇಳೆರಡ್ಲೆ ಮೂವತ್ನಾಕು...
ಮೆಲ್ಲಗ ಅಂದೆ. ಗಾಳಿ ಬಾಳ ಇತ್ತು.
ನಿಂತಲ್ಲೆಲ್ಲ ಅವರು ಆಮೆನ್ ಅಂದ್ರು."

ಸೀಸದ ಬಾಗಿಲಾಚೆ ಯಾರೋ ಸ್ಟ್ರೆಚರ್ ತಳ್ಳಿಕೊಂಡು ಹೋದರು.
ಒಂದು ಗಾಲಿ ಕಿರುಗುಟ್ಟುತ್ತಿತ್ತು, ದೂರವಾಗುವವರೆಗೂ.

"ಎಲ್ಲೀತನಕ ಹೇಳಿದ್ರಿ?" ತಾರಾಬಾಯಿ ಕೇಳಿದರು,
ಎಲ್ಲಿ ನೋಯುತ್ತದೆ ಎಂದು ರೋಗಿಯನ್ನು ಕೇಳುವ ಹಾಗೆ.
"ಒಂಬತ್ಲೆ. ನೂರೈವತ್ಮೂರು. ಮುಂದ ಬಾಯಿ ಒಣಗ್ತು."

"ನೂರೈವತ್ಮೂರು ಅಂದ್ರ," ಘಾಳೆಪ್ಪ ಎದ್ದು ಕೂತ, "ಬಲಿಯೊಳಗಿನ ಮೀನು..."
ತಾರಾಬಾಯಿ ಡಬ್ಬಿ ಅವನ ಮುಂದೆ ಸರಿಸಿದರು.
ಅವನು ಜೇಬು ತಡಕಾಡಿದ. ಚಿಲ್ಲರೆ ಇರಲಿಲ್ಲ.
ಹತ್ತು ರೂಪಾಯಿ ಝರೆಪ್ಪನೇ ಹಾಕಿದ.
ಮೊದಲು ನಕ್ಕವರು ಯಾರೋ ನೆನಪಿಲ್ಲ,
ಆದರೆ ಆ ಕೋಣೆಯಲ್ಲಿ ನಗು ಹೊರಗೆ ಹೋಗುವುದಿಲ್ಲ,
ಗೋಡೆಗೆ ಬಡಿದು ನಮ್ಮ ಮೇಲೆಯೇ ಬೀಳುತ್ತದೆ.

ಅದು ನಿಂತ ಮೇಲೆ ವಾಮನರಾವ್, ಎಂದೂ ಏನೂ ಕೇಳದವನು, ಕೇಳಿದ:
"ಕೂಸಿನ ಹೆಸರು?"
"ಇಟ್ಟಿರಲಿಲ್ಲ. ಬರೋ ಐತವಾರ ನಾನೇ ಇಡಬೇಕಿತ್ತು.
ಹನ್ನೊಂದು ದಿವಸದ್ದು."
ಯಾರೂ ಪ್ರಾರ್ಥನೆ ಮಾಡೋಣ ಎನ್ನಲಿಲ್ಲ.
ಭಜಿ ತಣ್ಣಗಾಗಿ ಎಣ್ಣೆ ಕಾಗದಕ್ಕೆ ಇಳಿದಿತ್ತು.
ನನ್ನ ಕೈ ಅವನ ಭುಜದ ಮೇಲಿತ್ತು,
ಎತ್ತುವುದು ಯಾವಾಗ ಎಂದು ತಿಳಿಯಲಿಲ್ಲ,
ಆಶೀರ್ವಾದಕ್ಕೆ ಇಟ್ಟ ಕೈಯಾದರೆ ತಿಳಿಯುತ್ತದೆ.

ರಾತ್ರಿ ಒಂಬತ್ತಕ್ಕೆ ಒಬ್ಬರು ಇನ್ನೊಬ್ಬರಿಗೆ ಫೋನ್ ಮಾಡಬೇಕು,
ಇದೂ ತಾರಾಬಾಯಿ ಬರೆದುಕೊಟ್ಟ ಪಾಳಿ. ಇವತ್ತು ನನ್ನದು.
ಎತ್ತಿದ. ಹಿಂದೆ ಯಾರೋ ರೊಟ್ಟಿ ಬಡಿಯುವ ಸಪ್ಪಳ.
ನಾನು ಉಂಡ್ರೇನು ಅಂದೆ. ಇನ್ನೂ ಇಲ್ಲ ಅಂದ.
ಆಮೇಲೆ ಇಬ್ಬರಿಗೂ ಮಾತಿಲ್ಲ,
ಬಡಿತ ಮಾತ್ರ, ಒಂದು, ಎರಡು, ಹಿಟ್ಟು ತಿರುಗಿಸಿ ಮತ್ತೆ.

"ಹದಿನೇಳ್ಹತ್ಲೆ?" ಅಂದ.

"ನೂರಾ ಎಪ್ಪತ್ತು," ಅಂದೆ.

"ಹೂಂ," ಅಂದ. "ಅದು ಸಸಾರ ಇತ್ತು."